ಗೋಡೆಯ ಆಚೆಯ ಬೀದಿ

ಭಾನುವಾರ, ಜೂನ್ ೯

ಪ್ರೀತಿಯ ಅಕ್ಕ,

ನಮಸ್ಕಾರ. ಮೊಣಕಾಲು ನೋವು ಹೇಗಿದೆ? ನಿನ್ನ ಪತ್ರ ಬಂದು ತಿಂಗಳಾಯಿತು, ಉತ್ತರವಿಲ್ಲವೆಂದು ಬೈದುಕೊಂಡಿರುತ್ತೀಯ. ಬೈ. ಒಂದೇ ಊರಿನಲ್ಲಿದ್ದು ಪತ್ರ ಬರೆಯುವ ಹುಚ್ಚರು ನಾವಿಬ್ಬರೇ ಇರಬೇಕು. ಏನು ಮಾಡಲಿ, ಫೋನಿನಲ್ಲಿ ನನ್ನ ಬಾಯಿಗೆ ಬೀಗ ಹಾಕಿ ನೀನೇ ಮಾತಾಡುತ್ತೀಯ.

ಕಡಲ ತಡೆಗೋಡೆಯ ಕೆಲಸದಲ್ಲಿ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲಿಲ್ಲ. ಕಚೇರಿಯ ಹಿಂದಿನ ಶೆಡ್ಡಿನಲ್ಲಿ ಇಡೀ ಊರನ್ನು ಮೇಜಿನ ಮೇಲೆ ಪ್ಲಾಸ್ಟರಿನಲ್ಲಿ ಕಟ್ಟಿದ್ದೇವೆ. ಅಂಗೈಯಗಲದ ಬಂದರು, ಬೆಂಕಿಪೊಟ್ಟಣದಷ್ಟು ಆಸ್ಪತ್ರೆ. ಪಂಪಿನಿಂದ ಅಲೆ ಎಬ್ಬಿಸಿ, ಗೋಡೆ ಎಲ್ಲಿ ನಿಂತರೆ ಯಾರು ಉಳಿಯುತ್ತಾರೆಂದು ನೋಡುತ್ತೇವೆ. ನಿನ್ನ ಹೊಲಿಗೆ ಅಂಗಡಿಯನ್ನು ನಾನೇ ಕೂರಿಸಿ ಬಾಗಿಲಿಗೆ ನೀಲಿ ಬಣ್ಣ ಬಳಿದೆ. ನಮ್ಮ ನಕ್ಷೆಗಾರ, "ಏನ್ ಸಾರ್, ಬಾಡಿಗೆಗೆ ಕೊಡ್ತೀರಾ?" ಎಂದು ನಕ್ಕ.

ಗುರುವಾರ ಸಾಲ ಕೊಡುವ ಬ್ಯಾಂಕಿನವರು ಬಂದಿದ್ದರು. ಗೋಡೆಗೆ ಹಾಕುವ ಹಣಕ್ಕಿಂತ ಉಳಿಯುವ ಆಸ್ತಿ ದೊಡ್ಡದಿರಬೇಕು ಎಂಬುದು ಅವರ ಲೆಕ್ಕ. ಮಾರುಕಟ್ಟೆ, ಆಸ್ಪತ್ರೆ, ರೈಲು ನಿಲ್ದಾಣ ಗೋಡೆಯೊಳಗೆ ಬಂದವು. ನಿನ್ನ ಬೀದಿ ಹೊರಗುಳಿಯಿತು. ಮುಖ್ಯ ಎಂಜಿನಿಯರು, "ಹಾಸಿಗೆ ಇದ್ದಷ್ಟೇ ಕಾಲು ಚಾಚ್ಬೇಕಪ್ಪ" ಎಂದರು. ಪಂಪು ಹಾಕಿದಾಗ ಗೋಡೆಗೆ ಬಡಿದು ತಿರುಗಿದ ನೀರು ನೇರ ನಿನ್ನ ಬಾಗಿಲಿಗೇ ಹೋಯಿತು. ಗೋಡೆ ಬಂದ ಮೇಲೆ ನಿಮಗೆ ಈಗಿನದಕ್ಕಿಂತ ಹೆಚ್ಚೇ ನೀರು ಬರುತ್ತದೆ, ಅಕ್ಕ.

ಅದಕ್ಕೇ ಹೇಳುತ್ತಿದ್ದೇನೆ, ಇಲ್ಲಿಗೆ ಬಂದುಬಿಡು. ನನ್ನ ಮನೆ ಗುಡ್ಡದ ಮೇಲಿದೆ. ಬೆಳಗಿನ ಬಿಸಿಲು ಬರುವ ಕೋಣೆಯನ್ನು ನಿನಗಾಗಿ ಖಾಲಿ ಮಾಡಿಸಿದ್ದೇನೆ, ಮಷಿನ್ನು ಕಿಟಕಿಯ ಪಕ್ಕ ಹಿಡಿಸುತ್ತದೆ. ಹೋದ ವರ್ಷ ಕರೆದಾಗ ನೀನು, "ಗಿರಾಕಿಗಳೆಲ್ಲ ಇಲ್ಲೇ ಇದಾರೆ ಕಣೋ. ನಿನ್ ಗುಡ್ಡದ ಮೇಲೆ ಯಾರ ಬಟ್ಟೆ ಹೊಲೀಲಿ, ಮೋಡದ್ದಾ? ಗೋಡೆ ಕಟ್ಟಿಸೋನು ನನ್ ತಮ್ಮನೇ, ನಂಗೇನ್ ಭಯ?" ಎಂದಿದ್ದೆ. ನಿನ್ನ ಆ ಜಗಳಗಂಟಿ ಗೆಳತಿ, ನನ್ನ ಹೆಂಡತಿ, ತೀರಿಕೊಂಡ ಮೇಲೆ ಈ ಮನೆಯಲ್ಲಿ ಸದ್ದೆಂದರೆ ಫ್ರಿಜ್ಜಿನದು ಮಾತ್ರ. ನಿಂತುಕೊಂಡೇ ಉಣ್ಣುತ್ತೇನೆ. ರಜೆ ಮುಗಿಸಿ ಕಚೇರಿಗೆ ಹೋದ ದಿನ ಮೊದಲ ಮಾತಿಗೆ ದನಿಯೇ ಹೊರಡುವುದಿಲ್ಲ. ತುಂಬ ಒಂಟಿ ಅನಿಸುತ್ತದೆ ಅಕ್ಕ.

ನಿನ್ನ ಕಣ್ಣು, ಕೈ ಹೀಗೇ ಚುರುಕಾಗಿರಲಿ. ಈ ನರೆತ ತಲೆಯ ಮೇಲೆ ನಿನ್ನ ಆಶೀರ್ವಾದವಿರಲಿ.

ನಿನ್ನ
ಪುಟ್ಟ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಗುರುವಾರ ಬ್ಯಾಂಕಿನ ಹೆಂಗಸು ನಿನ್ನ ಬೀದಿಯ ಮೇಲೆ ಬೆರಳಿಟ್ಟು, "ಇದನ್ನೂ ಸೇರಿಸೋಕಾಗುತ್ತಾ? ಆಗುತ್ತೆ ಅಂದ್ರೆ ಹಣ ಹೊಂದಿಸ್ಬಹುದು" ಎಂದಿದ್ದರು. ಎಲ್ಲರೂ ನನ್ನ ಮುಖ ನೋಡಿದರು. ಗೋಡೆಯನ್ನು ತುಸು ಬಾಗಿಸಿದರೆ ಆಗುತ್ತಿತ್ತು, ನನಗೆ ಗೊತ್ತಿತ್ತು. "ಆಗಲ್ಲ" ಎಂದೆ. ಇನ್ನು ನೀನು ಬರಲೇಬೇಕಾಗುತ್ತದೆಂದು ಆ ಕ್ಷಣ ಖುಷಿಯಾಗಿತ್ತು, ಅಕ್ಕ. ಆ ಬೀದಿಯಲ್ಲಿ ಬೇರೆಯವರೂ ಇದ್ದಾರೆಂಬುದು ತಲೆಗೇ ಬರಲಿಲ್ಲ. ನಾಳೆ ನಾನೇ ಕಚೇರಿಗೆ ಹೋಗಿ ನಿಜ ಹೇಳುತ್ತೇನೆಂದುಕೊಂಡರೂ ಈ ಖಾಲಿ ಮನೆ ಮತ್ತೆ ನನ್ನ ಬಾಯಿ ಮುಚ್ಚಿಸೀತು. ಗೋಡೆಯ ಯೋಜನೆಗೆ ತಿಂಗಳ ಕೊನೆಯವರೆಗೆ ಆಕ್ಷೇಪಣೆ ತೆಗೆದುಕೊಳ್ಳುತ್ತಾರೆ. ಬೀದಿಯವರನ್ನೆಲ್ಲ ಸೇರಿಸಿ ಬರೆ. ಎಂಜಿನಿಯರಾದ ನನ್ನ ತಮ್ಮನೇ ಸುಳ್ಳು ಹೇಳಿದ ಎಂದೇ ಬರೆ. ನನ್ನನ್ನು ಕರೆದು ಕೇಳಿದರೆ ಹೌದೆನ್ನುತ್ತೇನೆ.