ಕಪ್ಪು ಪಟ್ಟಿಯ ಕೆಳಗಿನ ಹೆಸರು

ಮಾರ್ಚ್ 3, ಸಂಜೆ

ಇನ್ನೂರ ಹನ್ನೆರಡು ಪುಟ ಮುಗಿಯಿತು. ಹೆಸರು ಕಂಡಲ್ಲೆಲ್ಲ ಕಪ್ಪು ಪಟ್ಟಿ ಎಳೆಯುವುದು, ಅಷ್ಟೇ ಕೆಲಸ. ಕಣ್ಣು ಉರಿಯುತ್ತಿದೆ. ಆಸ್ಪತ್ರೆಯೊಂದರ ಮೇಲೆ ನಮ್ಮ ಆಫೀಸು ನಡೆಸುತ್ತಿರುವ ವಿಚಾರಣೆಯ ವರದಿ — ಸತ್ತ ರೋಗಿಯ ಚಾರ್ಟಿನಲ್ಲಿ ಇಂಜೆಕ್ಷನ್ ಕೊಟ್ಟ ಸಮಯವನ್ನು ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಿದರು ಎಂದು ಒಬ್ಬ ನರ್ಸ್ ದೂರು ಕೊಟ್ಟಿದ್ದಾಳೆ. ದೂರು ದೊಡ್ಡ ಡಾಕ್ಟರ್ ಮೇಲೆ. ಹೆಸರು ಹೊರಬಿದ್ದರೆ ಅವಳ ಕಥೆ ಮುಗಿಯಿತು.

ಆ ನರ್ಸ್ ನನ್ನ ಅತ್ತಿಗೆ. ಮೂರು ವಾರದ ಹಿಂದೆ ಫೈಲು ತೆರೆದಾಗಲೇ ಗೊತ್ತಾಯಿತು. ಸಂಬಂಧಿಕಳು ಎಂದು ಆಫೀಸಿನಲ್ಲಿ ಹೇಳಬೇಕಿತ್ತು. ಹೇಳಲಿಲ್ಲ. ಬೇರೆಯವರ ಕೈಗೆ ಹೋಗುವುದಕ್ಕಿಂತ ನಾನೇ ಮುಚ್ಚುವುದು ವಾಸಿ ಅನಿಸಿತು. ಮನೆಯಲ್ಲಿ ಅವಳೆದುರೂ ಬಾಯಿ ಬಿಟ್ಟಿಲ್ಲ. ಅಣ್ಣನಿಗಂತೂ ದೂರಿನ ಸುಳಿವೇ ಇಲ್ಲ. ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ.

ಮಾರ್ಚ್ 4

ಕಳಿಸಿದೆ. ವಿಚಾರಣೆಗೆ ಸಂಬಂಧಪಟ್ಟ ಐದು ಜನರಿಗೆ ವರದಿಯ ಲಿಂಕ್. ಬೇರೆಯಾಗಿ ಕವರಿಂಗ್ ಲೆಟರ್, ಅದರ ಕೆಳಗೆ ಫೈಲಿನ ಹ್ಯಾಶ್ — ಅಕ್ಷರ, ಅಂಕಿ ಸೇರಿ ಅರವತ್ತನಾಲ್ಕರ ಒಂದು ಸಾಲು. ಫೈಲಿನ ಬೆರಳಚ್ಚು ಅನ್ನಬಹುದು. ಒಳಗೆ ಒಂದು ಕಾಮಾ ಬದಲಾದರೂ ಇಡೀ ಸಾಲು ಬದಲಾಗುತ್ತದೆ. ಆಮೇಲೆ ಯಾರೂ ಗುಟ್ಟಾಗಿ ತಿದ್ದುವಂತಿಲ್ಲ. ನಿರಾಳ.

ಮಾರ್ಚ್ 7, ಬೆಳಿಗ್ಗೆ 10.20

ಬೀಗ ಹಾಕಿದ ಮೇಲೂ ಜಗ್ಗಿ ನೋಡುವ ಚಾಳಿ ನನ್ನದು. ಕಳಿಸಿದ ಫೈಲು ತೆರೆದು ಸರ್ಚ್‌ನಲ್ಲಿ ಅತ್ತಿಗೆಯ ಹೆಸರು ಹಾಕಿದೆ. ಸೊನ್ನೆ ಬರಬೇಕು.

ನಲವತ್ತೊಂದು ಬಂತು.

ಕಪ್ಪು ಪಟ್ಟಿಯ ಮೇಲೆ ಮೌಸ್ ಎಳೆದು, ಕಾಪಿ ಮಾಡಿ, ಖಾಲಿ ಹಾಳೆಯಲ್ಲಿ ಅಂಟಿಸಿದೆ. ಹೆಸರು, ಇನಿಷಿಯಲ್ ಸಮೇತ. ಪಟ್ಟಿ ಎಳೆದಿದ್ದೆ, ಕೆಳಗಿನ ಅಕ್ಷರ ಅಳಿಸುವ ‘ಅಪ್ಲೈ’ ಒತ್ತಿರಲಿಲ್ಲ. ಕಣ್ಣಿಗಷ್ಟೇ ಮುಚ್ಚಿದೆ. ಫೈಲಿನೊಳಗೆ ಎಲ್ಲ ಹಾಗೇ ಇದೆ.

10.50

ಸದ್ದಿಲ್ಲದೆ ಫೈಲು ಬದಲಾಯಿಸೋಣ ಎಂದುಕೊಂಡೆ. ಸರಿಯಾದದ್ದು ತಯಾರಿಸಿದೆ. ಹ್ಯಾಶ್ ಬೇರೆ ಬಂತು. ಬರದೇ ಏನು... ಐವರ ಕೈಯಲ್ಲೂ ಹಳೆಯ ಹ್ಯಾಶಿನ ಲೆಟರ್ ಇದೆ, ನನ್ನದೇ ಸಹಿ. ನನ್ನ ಬುದ್ಧಿವಂತಿಕೆಗೆ ಬೆಂಕಿ ಬೀಳ.

11.15

ಲಾಗ್ ನೋಡಿದೆ. ನಾಲ್ವರು ಲಿಂಕ್ ತೆರೆದೇ ಇಲ್ಲ. ಒಬ್ಬರು ನಿನ್ನೆ ಇಳಿಸಿಕೊಂಡಿದ್ದಾರೆ. ದೊಡ್ಡ ಡಾಕ್ಟರ್ ಕಡೆಯ ವಕೀಲರು. ಪ್ರಿಂಟ್ ತೆಗೆದು ಓದುವ ಪೈಕಿಯವರಾಗಿರಲಿ, ದೇವರೇ.

ಮಧ್ಯಾಹ್ನ

ಸೂಪರ್‌ವೈಸರಿಗೆ ಎಲ್ಲ ಹೇಳಿದೆ. ಸಂಬಂಧವನ್ನೂ. ಅವರಿಗೆ ನಾವಿಟ್ಟ ಹೆಸರು ಫುಲ್‌ಸ್ಟಾಪ್, ಎರಡನೇ ವಾಕ್ಯ ಆಡುವುದು ಅಪರೂಪ. ಲಿಂಕ್ ರದ್ದು ಮಾಡಿಸಿದರು. ತಪ್ಪೊಪ್ಪಿಕೊಂಡು ಹೊಸ ಲೆಟರ್ ಹೋಯಿತು. ಹಳೆಯ ಪ್ರತಿ ಅಳಿಸಿ ಎಂದು ವಕೀಲರಿಗೆ ಫೋನು. ಆಗಲಿ ಅಂದರಂತೆ. ನಕ್ಕರಂತೆ.

ಕೆಲಸ ಹೋಯಿತು ಅಂದುಕೊಂಡಿದ್ದೆ. ಈ ಕೆಲಸಕ್ಕೆ ಸದ್ಯ ಬೇರೆ ಯಾರೂ ಸಿಗುವುದಿಲ್ಲವಂತೆ, ಫೈಲು ನನ್ನ ಬಳಿಯೇ ಇರಲಿ ಅಂದರು. ಇನ್ನು ಮೇಲೆ ಪ್ರತಿ ಪುಟ ಅವರೂ ನೋಡುತ್ತಾರಂತೆ. ಅತ್ತಿಗೆಗೆ ಇವತ್ತೇ ತಿಳಿಸು ಅಂದರು.

ಮಾರ್ಚ್ 8, ಬೆಳಿಗ್ಗೆ

ನಿನ್ನೆ ಹೇಳಲಾಗಲಿಲ್ಲ. ಅಣ್ಣ ಮನೆಯಲ್ಲಿದ್ದ — ನೆಪ. ಇವತ್ತು ಅವನು ಹೊರಟ ಮೇಲೆ, ಅತ್ತಿಗೆ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಿದ್ದಾಗ ಹೇಳಿದೆ. ಇಸ್ತ್ರಿಪೆಟ್ಟಿಗೆ ಆಫ್ ಮಾಡಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಮೂರು ವಾರದಿಂದ ಗೊತ್ತಿತ್ತಾ ನಿಂಗೆ? ದಿನಾ ನನ್ನೆದುರಿಗೇ ಕೂತು ಊಟ ಮಾಡ್ತಿದ್ದೆ.”

ಕಾಪಾಡೋಣ ಅಂತಿದ್ದೆ ಎಂದೆ. ಕಾಲರಿನ ಒಂದು ಬದಿ ಇನ್ನೂ ಮುದುರಿತ್ತು, ಹಾಗೇ ಹಾಕಿಕೊಂಡಳು. ಆಸ್ಪತ್ರೆಯವರು ಕರೆದು ಕೇಳುವ ಮೊದಲು, ದೂರು ಕೊಟ್ಟಿದ್ದು ತಾನೇ ಎಂದು ವಾರ್ಡಿನಲ್ಲಿ ಎಲ್ಲರೆದುರು ಹೇಳಿಬಿಡುತ್ತಾಳಂತೆ. ಹೊರಟೇಬಿಟ್ಟಳು.

ಸಂಜೆ 4.40

ಅತ್ತಿಗೆ ಮೂರಕ್ಕೆ ಬರಬೇಕಿತ್ತು. ಬಾಲ್ಕನಿಗೂ ಬಾಗಿಲಿಗೂ ಓಡಾಡಿ ಸಾಕಾಯಿತು. ಫೋನ್ ಎತ್ತುತ್ತಿಲ್ಲ.

5.05

ಅವಳೇ ಮಾಡಿದಳು. ವಾರ್ಡಿನಿಂದ ತೆಗೆದು ಬಟ್ಟೆ ಸ್ಟೋರಿಗೆ ಹಾಕಿದ್ದಾರೆ. ಎಂಟು ವರ್ಷ ಐಸಿಯುನಲ್ಲಿ ದುಡಿದವಳು ಈಗ ಬೆಡ್‌ಶೀಟ್ ಮಡಿಸಬೇಕು. ನನ್ನಿಂದ. ನನಗೆ ಅಳು ಬಂತು. ಅವಳ ದನಿ ಗಟ್ಟಿಯಾಗಿತ್ತು. ಚಾರ್ಟ್ ತಿದ್ದಿದ್ದನ್ನು ಇನ್ನೊಬ್ಬ ನರ್ಸೂ ನೋಡಿದ್ದಳಂತೆ. ಇಷ್ಟು ದಿನ ಹೆದರಿಕೊಂಡಿದ್ದವಳು ಇವತ್ತು ಸ್ಟೋರಿಗೇ ಹುಡುಕಿಕೊಂಡು ಬಂದು, ನಾನೂ ಸಾಕ್ಷಿ ಬರೆದುಕೊಡುತ್ತೇನೆ ಅಂದಳಂತೆ.

ಯಾರು ಎಂದು ಕೇಳಿಬಿಟ್ಟೆ.

“ನಿಂಗೆ ಹೇಳಲ್ಲ.”

ಸರಿ ಅಂದೆ. ನ್ಯಾಯವೇ. ಆದರೆ ಆ ನರ್ಸ್ ಬರೆದುಕೊಡುವ ಕಾಗದ, ಹೆಸರು ಮುಚ್ಚುವುದಕ್ಕೆ ಬಂದು ಬೀಳುವುದು ಮತ್ತೆ ನನ್ನ ಮೇಜಿಗೇ.