ಪೆಡಲಿನ ಕೆಂಪು ದೀಪ

ಭಾನುವಾರ, ನವೆಂಬರ್ 17

ಕಾರ್ಯಕ್ರಮ ಮುಗಿಸಿ ಸಾಮಾನು ಕಟ್ಟುವಾಗ ನೋಡಿದೆ, ಟ್ಯೂನರ್ ಪೆಡಲಿನ ಕೆಂಪು ದೀಪ ಇನ್ನೂ ಉರೀತಿತ್ತು. ಒಮ್ಮೆ ತುಳಿದರೆ ಆ ದೀಪ ಹತ್ತಿ, ಶ್ರುತಿ ನೋಡಿಕೊಳ್ಳೋಕೆ ಬೇಸ್ ಗಿಟಾರ್ ಮೂಕವಾಗುತ್ತೆ, ಇನ್ನೊಮ್ಮೆ ತುಳಿದರೆ ದನಿ ಬರುತ್ತೆ. ಮೊದಲ ಹಾಡಿಗೆ ಮುಂಚೆ ತುಳಿದ ಮಹಾಶಯ ನಾನು, ಮತ್ತೆ ತುಳಿದೇ ಇಲ್ಲ. ಕೊನೆಯ ಹಾಡಿನ ತನಕ ಮೂಕ ತಂತಿ ಮೀಟಿದ್ದೀನಿ.

ಜನಕ್ಕೆ ಕೇಳಿಸಿದ್ದು ಕೀಬೋರ್ಡಿನವನ ಲ್ಯಾಪ್‌ಟಾಪಿನೊಳಗೆ ಮೊದಲೇ ರೆಕಾರ್ಡ್ ಮಾಡಿಟ್ಟ ಬೇಸ್. "ಸುಮ್ನೆ ಜೊತೆಗಿರಲಿ ಅಣ್ಣ" ಅಂತ ಹೋದ ತಿಂಗಳು ಸೇರಿಸಿದ್ದ. ಜನ ಹಾಳಾಗಲಿ, ನನಗೂ ಗೊತ್ತಾಗಲಿಲ್ಲವಲ್ಲ! ಅದು ನನ್ನದೇ ಅಂದುಕೊಂಡು ಕಣ್ಣು ಮುಚ್ಚಿ ತಲೆ ಬೇರೆ ಆಡಿಸಿದೆ. ಕೆಳಗಿಳಿದ ಮೇಲೆ ಹಾಡುವ ಹುಡುಗಿ, "ಅಣ್ಣಾ, ಇವತ್ತು ನಿಮ್ಮ ಬೇಸ್ ಸಖತ್ತಾಗಿತ್ತು" ಅಂದಳು. ಥ್ಯಾಂಕ್ಸಮ್ಮಾ ಅಂದೆ. ಇನ್ನೇನನ್ನಲಿ.

ಆಂಪ್ ಪೆಟ್ಟಿಗೆ ಹೊತ್ತು ಮನೆಯ ಮಹಡಿ ಹತ್ತಿದ್ದಕ್ಕೆ ಸೊಂಟ ಹಿಡಿದುಕೊಂಡಿದೆ. ಗೋಡೆ ತುಂಬ ಬೇಸ್‌ಗಳು ನೇತಾಡ್ತಿವೆ. ಒಂದೊಂದರ ದನಿಯೂ ಮಕ್ಕಳ ದನಿಯಷ್ಟೇ ಗುರುತು ಅಂತ ಕಂಡಕಂಡವರ ಹತ್ರ ಕೊಚ್ಚಿಕೊಂಡಿದ್ದೀನಿ. ಈಗ ಹಳೆಯದೊಂದನ್ನು ಇಳಿಸಿ, ಆಂಪಿಗೆ ಸಿಕ್ಕಿಸದೆ, ಗದ್ದವನ್ನು ಅದರ ಮರಕ್ಕೆ ಒತ್ತಿ ಮೀಟಿದೆ. ಮೂಳೆಯೊಳಗೆ ಗುಂಯ್ ಅಂತು. ಅದಂತೂ ನನ್ನದೇ.

"ಇನ್ನೂ ಮಲಗಿಲ್ವೇನ್ರೀ?" ಒಳಗಿಂದ ಇವಳು.

ಜೀವ ಬಂದ ಹಾಗಾಯ್ತು. "ಕೇಳಿಸ್ತಾ?" ಅಂದೆ.

"ಏನು? ದೀಪ ಉರೀತಿದೆಯಲ್ಲ, ಅದಕ್ಕಂದೆ."

ಆರಿಸ್ತೀನಿ ಕಣೇ, ಆರಿಸ್ತೀನಿ.