ರಂಗೂನಿಗೆ ಹೋದ ತೋಟಪ್ಪ

ಕಡ್ಡಿರಾಂಪುರ, ೧೨ ಜೂನ್ ೧೯೪೨

ಅಮೆರಿಕಕ್ಕೆ ಮರಳಿದ ಡಾಕ್ಟರಮ್ಮನವರಿಗೆ ಕೊಟ್ರಯ್ಯನ ನಮಸ್ಕಾರ.

ಕಂಪ್ಲಿ ಅಕ್ಕಿ ಗಿರಣಿಯಲ್ಲಿದ್ದ ನನ್ನ ತಮ್ಮ ತೋಟಪ್ಪ ರಂಗೂನಿನ ಗಿರಣಿಗೆ ಹೊರಟಾಗ, "ಅಲ್ಲಿಗೆ ಜಪಾನಿನವರು ಬರ್ತಾರೇನ್ರಿ?" ಅಂತ ನಿಮ್ಮನ್ನು ಕೇಳಿದ್ದೆ. ನೀವು ನಕ್ಕಿರಿ. "ನಮ್ಮ ದೇಶದಾಗ ಯಾರೂ ಹಂಗ ಅನ್ನಂಗಿಲ್ಲ. ಅವರು ಆಟದ ಸಾಮಾನು ಮಾಡೋ ಮಂದಿ" ಅಂದಿರಿ. ಅದನ್ನೇ ಹೇಳಿ ಅವ್ವನನ್ನು ಒಪ್ಪಿಸಿದೆ.

ಡಿಸೆಂಬರಿನಲ್ಲಿ ರಂಗೂನಿನ ಮೇಲೆ ಜಪಾನಿನ ಬಾಂಬು ಬಿದ್ದವು. ಆ ಗಿರಣಿ ಉಳಿದಿಲ್ಲವೆಂದು ಅಲ್ಲಿಂದ ನಡೆದು ಬಂದವರು ಹೇಳಿದರು. ತೋಟಪ್ಪನನ್ನು ಕಂಡವರು ಯಾರೂ ಇಲ್ಲ.

ಅವ್ವ ಮಾತ್ರ ದಿನಾ ಸಂಜೆ, ಅವನು ಗಿರಣಿಯಿಂದ ಬಂದಾಗ ಹೇಳುತ್ತಿದ್ದಂತೆಯೇ, "ಮೈಮ್ಯಾಲಿನ ಹೊಟ್ಟು ಝಾಡಿಸಿಕೊಂಡು ಒಳಗ ಬಾರೋ" ಅಂತ ಬಾಗಿಲಿಗೆ ಹೇಳುತ್ತಾಳೆ. ಮೊನ್ನೆ ಝಾಡಿಸಿದ ಸಪ್ಪಳ ನನಗೂ ಕೇಳಿಸಿತು.

ನಿಮ್ಮ ಮೇಲೆ ಸಿಟ್ಟಿಲ್ಲರಿ. ನಿಮ್ಮ ಮಂದಿ ನಂಬಿದ್ದನ್ನು ನೀವು ಹೇಳಿದಿರಿ.

ಹಂಪಿಯಲ್ಲಿ ನೀವು ತೆಗೆದ ಫೋಟೋದಲ್ಲಿ ಅವನಿದ್ದಾನೆ. ಒಂದು ಪ್ರತಿ ಕಳಿಸಿರಿ. ಅವನ ಮುಖ ನನಗೆ ಮರೆತುಹೋಗುತ್ತಿದೆ. ಅವ್ವನಿಗೆ ಇದನ್ನು ಹೇಳಿಲ್ಲ.

ಇಂತಿ,
ಕೊಟ್ರಯ್ಯ